ಸ್ಕೀ ಓಟಗಾರ ಜಾನ್ ವುವಾರ್ನೆ ಬಗ್ಗೆ ಮಕ್ಕಳಿಗೆ ಬರೆಯುವಾಗ ಮನೆಯ ದುರಂತಕ್ಕೆ ಎಷ್ಟು ಜಾಗ ಕೊಡಬೇಕು?

ಹಾಸನದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯ ಮಕ್ಕಳಿಗಾಗಿ ಚಳಿಗಾಲದ ಒಲಿಂಪಿಕ್ಸ್‌ನ ಪಟುಗಳ ಪರಿಚಯ ಲೇಖನಗಳನ್ನು ಬರೆಯುತ್ತಿದ್ದೇನೆ. ನಮ್ಮ ಮಕ್ಕಳು ಹಿಮವನ್ನು ಕಂಡವರಲ್ಲ, ಆದರೆ ಇಳಿಜಾರಿನಲ್ಲಿ ಸೈಕಲ್ ಬಿಟ್ಟವರು ಎಲ್ಲರೂ ಇದ್ದಾರೆ; ಆ ಅನುಭವದಿಂದ ಆರಂಭಿಸಿದರೆ ಡೌನ್‌ಹಿಲ್ ಸ್ಕೀ ಓಟವನ್ನು ಅರ್ಥ ಮಾಡಿಸುವುದು ಕಷ್ಟವಾಗುವುದಿಲ್ಲ. ಆ ಕಾರಣಕ್ಕೇ ಫ್ರಾನ್ಸಿನ ಜಾನ್ ವುವಾರ್ನೆ ಅವರನ್ನು ಆರಿಸಿಕೊಂಡೆ. 1933ರ ಜನವರಿ 18ರಂದು ಟ್ಯುನೀಷಿಯಾದ ಲ ಬಾರ್ಡೊದಲ್ಲಿ ಹುಟ್ಟಿ, ಆಲ್ಪ್ಸ್ ಪರ್ವತದ ಮೋರ್ಜೀನ್ ಊರಿನಲ್ಲಿ ಬೆಳೆದ ಇವರು, 1960ರಲ್ಲಿ ಅಮೆರಿಕದ ಸ್ಕ್ವಾ ವ್ಯಾಲಿ ಒಲಿಂಪಿಕ್ಸ್‌ನ ಡೌನ್‌ಹಿಲ್‌ನಲ್ಲಿ ಚಿನ್ನ ಗೆದ್ದರು. ಲೋಹದ ಸ್ಕೀಗಳನ್ನು ಕಟ್ಟಿಕೊಂಡು ಒಲಿಂಪಿಕ್ ಚಿನ್ನ ಗೆದ್ದವರಲ್ಲಿ ಇವರೇ ಮೊದಲಿಗರು. ಮೊಣಕಾಲು ಮಡಚಿ, ಬೆನ್ನನ್ನು ನೆಲಕ್ಕೆ ಸಮವಾಗಿಸಿ, ಕೈಗಳನ್ನು ಮುಖದ ಮುಂದೆ ಜೋಡಿಸಿಕೊಂಡು ಮೊಟ್ಟೆಯಂತೆ ಮುದುಡಿ ಇಳಿಯುವ ಭಂಗಿಯನ್ನು ಕಂಡುಹಿಡಿದವರೂ ಇವರೇ ಎಂದು ಓದಿದ್ದೇನೆ.

ಇಲ್ಲಿಯವರೆಗೆ ಬರವಣಿಗೆ ಸರಾಗವಾಗಿ ಸಾಗಿತು. ಆದರೆ ಇವರ ಪತ್ನಿ ಎಡಿತ್ ಬೋನ್‌ಲ್ಯೂ ಮತ್ತು ಕಿರಿಯ ಮಗ ಪ್ಯಾಟ್ರಿಕ್ 1995ರ ಡಿಸೆಂಬರಿನಲ್ಲಿ ಸೋಲಾರ್ ಟೆಂಪಲ್ ಎಂಬ ಗುಪ್ತ ಪಂಥದ ಸಾಮೂಹಿಕ ಸಾವಿನಲ್ಲಿ ತೀರಿಕೊಂಡರು ಎಂಬಲ್ಲಿಗೆ ಬಂದಾಗ ಲೇಖನಿ ನಿಂತುಬಿಟ್ಟಿತು. ಹದಿನಾಲ್ಕು ವರ್ಷದ ಮಕ್ಕಳಿಗೆ ಇದನ್ನು ಹೇಳಬೇಕೇ? ಹೇಳದೆ ಬಿಟ್ಟರೆ ಒಬ್ಬ ಮನುಷ್ಯನ ಬದುಕಿನ ಅರ್ಧವನ್ನೇ ಮುಚ್ಚಿಟ್ಟಂತಾಗುತ್ತದೆ, ಹೇಳಿದರೆ ಓಟದ ಕಥೆ ಪೂರ್ತಿಯಾಗಿ ಅದರ ನೆರಳಿಗೆ ಸರಿಯುತ್ತದೆ. ತಿಳಿದವರು ಸಲಹೆ ಕೊಡಬೇಕೆಂದು ಕೋರುತ್ತೇನೆ.

ಲೇಮಾನ್ ತೀರದವಳು

ಮೇಷ್ಟ್ರೇ, ನಾನು ಹನ್ನೊಂದು ವರ್ಷಗಳಿಂದ ಜಿನೀವಾದಲ್ಲಿದ್ದೇನೆ. ಮೋರ್ಜೀನ್ ನಮ್ಮಿಂದ ಒಂದೂವರೆ ಗಂಟೆಯ ದಾರಿ. ನೀವು ಕೇಳಿದ ಕಷ್ಟದ ಪ್ರಶ್ನೆಗೆ ಆಮೇಲೆ ಬರುತ್ತೇನೆ, ಮೊದಲು ಊರಿನ ಬಗ್ಗೆ ಹೇಳಲು ಅವಕಾಶ ಕೊಡಿ, ಏಕೆಂದರೆ ಈ ಮನುಷ್ಯನನ್ನು ಪದಕದಿಂದ ಮಾತ್ರ ಅಳೆದರೆ ಅನ್ಯಾಯವಾಗುತ್ತದೆ.

ಮೋರ್ಜೀನ್ ಕಣಿವೆಯಲ್ಲಿರುವ ಹಳೆಯ ಊರು, ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿದೆ. ಅದರ ನೆತ್ತಿಯ ಮೇಲೆ, ಸುಮಾರು 1800 ಮೀಟರ್ ಎತ್ತರದಲ್ಲಿ, ಹಿಂದೆ ಬೇಸಿಗೆಯಲ್ಲಿ ದನ ಮೇಯಿಸಲು ಹೋಗುತ್ತಿದ್ದ ಹುಲ್ಲುಗಾವಲೊಂದಿತ್ತು. ಚಿನ್ನ ಗೆದ್ದು ಬಂದ ವುವಾರ್ನೆ ಆ ಹುಲ್ಲುಗಾವಲಿನಲ್ಲಿ ಹೊಸ ಸ್ಕೀ ಊರನ್ನೇ ಕಟ್ಟಬೇಕೆಂದು ಹೊರಟರು. ಅದೇ ಇಂದಿನ ಅವೋರಿಯಾ. ಜೆರಾರ್ ಬ್ರೆಮೋನ್ ಎಂಬ ತರುಣ ಉದ್ಯಮಿ ಬಂಡವಾಳದ ಹೊಣೆ ಹೊತ್ತರು, ಜಾಕ್ ಲಾಬ್ರೊ ಮತ್ತು ಅವರ ಜೊತೆಗಾರ ವಾಸ್ತುಶಿಲ್ಪಿಗಳು ವಿನ್ಯಾಸ ಮಾಡಿದರು, 1966ರ ಡಿಸೆಂಬರಿನಲ್ಲಿ ಮೊದಲ ಹೋಟೆಲು ತೆರೆಯಿತು. ಆ ಊರಿನೊಳಗೆ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ನಾವು ಮೊದಲ ಸಲ ಹೋದಾಗ ಕಾರನ್ನು ಊರ ಹೊರಗೇ ಬಿಟ್ಟು, ಪೆಟ್ಟಿಗೆಗಳನ್ನು ಕುದುರೆ ಎಳೆಯುವ ಜಾರುಬಂಡಿಗೆ ಹಾಕಿಕೊಂಡು ಹೋದೆವು. ಕುದುರೆಯ ಕೊರಳಿನ ಗೆಜ್ಜೆ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಕಟ್ಟಡಗಳ ಗೋಡೆಗೆಲ್ಲ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಹೊದಿಸಿದ ಮರದ ಬಿಲ್ಲೆಗಳಿವೆ. ಬಿಸಿಲು ಮಳೆಗೆ ಅವು ಬೂದುಗೆಂಪಾಗಿ, ದೂರದಿಂದ ನೋಡಿದರೆ ಬಂಡೆ ಯಾವುದು ಮನೆ ಯಾವುದು ಎಂದು ತಿಳಿಯುವುದಿಲ್ಲ.

ಅಲ್ಲಿಂದ ಮುಂದೆ ಗಡಿ ದಾಟಿ ಸ್ವಿಟ್ಜರ್ಲೆಂಡಿನ ಶಾಂಪೆರಿಯವರೆಗೆ ಸ್ಕೀಯಲ್ಲೇ ಹೋಗಬಹುದು. ಎರಡು ದೇಶಗಳ ಹನ್ನೆರಡು ಸ್ಕೀ ಊರುಗಳನ್ನು ಒಂದೇ ಟಿಕೆಟ್ಟಿನಡಿ ಬೆಸೆದ ಪೋರ್ತ್ ದ್ಯು ಸೊಲೇಯ್ ಎಂಬ ವ್ಯವಸ್ಥೆಯ ಹಿಂದೆಯೂ ವುವಾರ್ನೆ ಅವರ ಕಲ್ಪನೆಯಿದೆ. ಕಣಿವೆಯ ಎಷ್ಟೋ ಮನೆಗಳು ಚಳಿಗಾಲದ ಆ ದುಡಿಮೆಯನ್ನೇ ನಂಬಿಕೊಂಡಿವೆ. ನಿಮ್ಮ ಲೇಖನದಲ್ಲಿ ಇದಕ್ಕೆ ಒಂದು ಪ್ಯಾರಾ ಆದರೂ ಇರಲಿ.

ವೇಗದ ಲೆಕ್ಕ

ಮೇಷ್ಟ್ರೇ, ಭಂಗಿಯನ್ನು ಅವರು ಕಂಡುಹಿಡಿದರು ಎಂಬ ಮಾತನ್ನು ದಯವಿಟ್ಟು ತಿದ್ದಿಕೊಳ್ಳಿ. ವೇಗಕ್ಕಾಗಿ ಬಗ್ಗುವುದು ಅವರಿಗಿಂತ ಮುಂಚೆಯೂ ಇತ್ತು. ಇಟಲಿಯ ಜೆನೊ ಕೊಲೊ 1947ರಲ್ಲಿ ಚೆರ್ವಿನಿಯಾದ ಇಳಿಜಾರಿನಲ್ಲಿ ಗಂಟೆಗೆ 159 ಕಿಲೋಮೀಟರ್ ವೇಗ ದಾಟಿದಾಗ ನೆಟ್ಟಗೆ ನಿಂತಿರಲಿಲ್ಲ. ವುವಾರ್ನೆ ಮತ್ತು ಗ್ರೆನೋಬಲ್‌ನ ದೈಹಿಕ ಶಿಕ್ಷಣದ ಅಧ್ಯಾಪಕ ಜಾರ್ಜ್ ಜುಬೇರ್ ಸೇರಿ ಮಾಡಿದ ಕೆಲಸ ಬೇರೆ ಬಗೆಯದು. ಬಗ್ಗುವುದನ್ನು ಧೈರ್ಯದ ವಿಷಯವಾಗಿ ನೋಡದೆ, ಕೈ ಎಲ್ಲಿರಬೇಕು, ಮೊಣಕೈ ಎಲ್ಲಿರಬೇಕು, ಬೆನ್ನು ಎಷ್ಟು ಬಾಗಬೇಕು ಎಂಬುದನ್ನು ಬಿಡಿಸಿ ನೋಡಿ, ಯಾರು ಬೇಕಾದರೂ ಕಲಿಯಬಹುದಾದ, ಓಟದ ಉದ್ದಕ್ಕೂ ಕಾಯ್ದುಕೊಳ್ಳಬಹುದಾದ ವಿದ್ಯೆಯನ್ನಾಗಿ ಮಾಡಿದರು. ಇಬ್ಬರೂ ಸೇರಿ ಸ್ಕೀ ತಂತ್ರದ ಬಗ್ಗೆ ಪುಸ್ತಕಗಳನ್ನೂ ಬರೆದರು. ಫ್ರೆಂಚರು ಆ ಭಂಗಿಯನ್ನು ಮೊಟ್ಟೆ ಎಂದೇ ಕರೆದರು.

ನಿಮ್ಮ ಸೈಕಲ್ಲಿನ ಹೋಲಿಕೆಯನ್ನೇ ಮುಂದುವರಿಸಿ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟಾಗುತ್ತದೆ. ನಿಧಾನವಾಗಿ ಹೋಗುವಾಗ ಹಿಮದ ಘರ್ಷಣೆಯದೇ ದೊಡ್ಡ ಲೆಕ್ಕ, ಗಂಟೆಗೆ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಗಾಳಿಯೇ ಮುಖ್ಯ ಎದುರಾಳಿ. ನೆಟ್ಟಗೆ ನಿಂತವನು ಮೊಟ್ಟೆಯಂತೆ ಮುದುಡಿದರೆ ಆ ತಡೆ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಈಗ ಫಲಿತಾಂಶ ನೋಡಿ. 1960ರ ಫೆಬ್ರವರಿ 22ರಂದು ವುವಾರ್ನೆ 2 ನಿಮಿಷ 6.0 ಸೆಕೆಂಡಿನಲ್ಲಿ ಇಳಿದರು. ಜರ್ಮನಿಯ ಹಾನ್ಸ್ ಪೀಟರ್ ಲಾನಿಗ್ ಅವರದು 2 ನಿಮಿಷ 6.5 ಸೆಕೆಂಡು. ಫ್ರಾನ್ಸಿನವರೇ ಆದ ಗಿ ಪೆರಿಯಾ 2 ನಿಮಿಷ 6.9 ಸೆಕೆಂಡಿನೊಂದಿಗೆ ಮೂರನೆಯವರು. ಓಟದ ಉದ್ದ ಮೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ಸರಾಸರಿ ವೇಗ ಗಂಟೆಗೆ 88 ಕಿಲೋಮೀಟರ್. ಆ ವೇಗದಲ್ಲಿ ಅರ್ಧ ಸೆಕೆಂಡೆಂದರೆ ಸುಮಾರು ಹನ್ನೆರಡು ಮೀಟರ್, ಅಂದರೆ ನಿಮ್ಮ ಶಾಲೆಯ ಒಂದೂವರೆ ಕೊಠಡಿಯಷ್ಟು ದೂರ. ಇದನ್ನು ಕರಿಹಲಗೆಯ ಮೇಲೆ ಮಕ್ಕಳಿಂದಲೇ ಲೆಕ್ಕ ಮಾಡಿಸಬಹುದು.

ಸ್ಕೀಗಳ ವಿಷಯವನ್ನೂ ಸೇರಿಸಿ. ಅವು ರೊಸಿನ್ಯೋಲ್ ಕಂಪನಿಯ ಅಲೆ 60 ಎಂಬ ಮಾದರಿ. 1937ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೂರು ಚಿನ್ನ ಗೆದ್ದಿದ್ದ, ಮೆಜೇವ್ ಊರಿನ ಎಮಿಲ್ ಅಲೆ ಅವರ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಮರದ ಸ್ಕೀಗಳು ಹೆಚ್ಚಿನ ವೇಗದಲ್ಲಿ ಅದುರುತ್ತಿದ್ದವು, ಲೋಹದ ಪದರವಿದ್ದವು ನೆಲವನ್ನು ಹೆಚ್ಚು ಹಿಡಿತದಿಂದ ಹಿಡಿಯುತ್ತಿದ್ದವು. ಕಾಲಡಿಯ ಸ್ಕೀ ಅದುರದಿದ್ದಾಗಲೇ ಮೇಲೆ ಮೊಟ್ಟೆಯ ಭಂಗಿಯನ್ನು ಕದಲದೆ ಹಿಡಿದಿಡಲು ಸಾಧ್ಯ. ಎರಡನ್ನೂ ಬೇರೆ ಬೇರೆ ಹೇಳಿದರೆ ಮಕ್ಕಳಿಗೆ ಅರ್ಧ ಮಾತ್ರ ತಿಳಿಯುತ್ತದೆ.

ಹಾಸನದ ಮೇಷ್ಟ್ರು

ಬಹಳ ಉಪಕಾರವಾಯಿತು. ತಿದ್ದಿಕೊಂಡಿದ್ದೇನೆ. ಇನ್ನೊಂದು ಸಂದೇಹ: ವುವಾರ್ನೆ ಎಂಬ ತಂಪು ಕನ್ನಡಕದ ಕಂಪನಿಯನ್ನು ಇವರೇ ಸ್ಥಾಪಿಸಿದರೆಂದು ಬರೆಯಬಹುದೇ?

ಲೇಮಾನ್ ತೀರದವಳು

ಬರೆಯಬೇಡಿ. ಆ ಗಾಜನ್ನು ಮಾಡಿದವರು ರೋಜರ್ ಪುಯ್ಯು ಎಂಬ ಕನ್ನಡಕ ತಯಾರಕರು. ಹಿಮದ ಮೇಲೆ ಬೆಳಕು ಕಣ್ಣು ಕುಕ್ಕುವಾಗಲೂ, ಮೋಡ ಮುಚ್ಚಿ ಏರುತಗ್ಗು ಕಾಣದಂತಾದಾಗಲೂ ನೆಲ ಸ್ಪಷ್ಟವಾಗಿ ಕಾಣಬೇಕೆಂದು ಅವರು 1957ರಲ್ಲಿ ಸ್ಕೀಲಿಂಕ್ಸ್ ಎಂಬ ಗಾಜನ್ನು ಸಿದ್ಧಪಡಿಸಿದರು. ವುವಾರ್ನೆ ಚಿನ್ನ ಗೆದ್ದ ಮೇಲೆ ಇಬ್ಬರ ನಡುವೆ ಒಪ್ಪಂದವಾಗಿ, ಕನ್ನಡಕಕ್ಕೆ ಅವರ ಹೆಸರು ಬಂತು. 1980ರ ದಶಕದಲ್ಲಿ ಅಮೆರಿಕದಲ್ಲಿ ಅದು ಎಷ್ಟು ಹಬ್ಬಿತೆಂದರೆ, ಸ್ಕೀಯನ್ನು ಕಣ್ಣಾರೆ ಕಾಣದ ಕಡಲತೀರದ ಹುಡುಗರು ಕೂಡ ಆ ಹೆಸರಿನ ಅಂಗಿ ತೊಟ್ಟರು. 2023ರಲ್ಲಿ ಆ ಸಂಸ್ಥೆ ಐಷಾರಾಮಿ ವಸ್ತುಗಳನ್ನು ಮಾರುವ ಎಲ್‌ವಿಎಂಎಚ್ ಸಮೂಹದ ಕನ್ನಡಕ ವಿಭಾಗದ ಕೈ ಸೇರಿತು.

ನನಗೆ ಇದರಲ್ಲಿ ಒಂದು ಸಂಕಟವಿದೆ. ನನ್ನ ಆಫೀಸಿನಲ್ಲಿ ವುವಾರ್ನೆ ಎಂದರೆ ಕನ್ನಡಕ ಎನ್ನುವವರೇ ಹೆಚ್ಚು, ಅದು ಒಬ್ಬ ಮನುಷ್ಯನ ಹೆಸರೆಂದು ಎಷ್ಟೋ ಜನರಿಗೆ ಗೊತ್ತಿಲ್ಲ. ಅವೋರಿಯಾದಲ್ಲಿ ಸ್ಕೀ ಕಲಿಯುವ ಪುಟ್ಟ ಮಕ್ಕಳನ್ನು ನೋಡಿದ್ದೇನೆ. ಮಾಸ್ತರರು ಮೊಟ್ಟೆ ಎಂದು ಕೂಗಿದ ತಕ್ಷಣ ಐದಾರು ವರ್ಷದ ಮಕ್ಕಳು ಸಾಲಾಗಿ ಕುಕ್ಕುರುಗಾಲಿನಲ್ಲಿ ಕೂತು, ಎರಡು ಮುಷ್ಟಿಗಳನ್ನು ಗಲ್ಲದ ಮುಂದೆ ಹಿಡಿದು, ಹಿಂಭಾಗವನ್ನು ಎತ್ತಿಕೊಂಡು ಜಾರುತ್ತವೆ. ನನ್ನ ಮಗಳೂ ಹಾಗೇ ಕಲಿತಳು. ಆ ಭಂಗಿಯ ಹಿಂದೆ ಅದೇ ಕಣಿವೆಯ ಒಬ್ಬರಿದ್ದರು ಎಂದು ಅವಳಿಗೆ ಹೇಳಿದ್ದು ನಾನು.

ಹಳೆಯ ಸ್ಕೋರ್‌ಬುಕ್

ಈ ಚರ್ಚೆಯಲ್ಲಿ ವುವಾರ್ನೆ ಬಹಳ ಬೇಗ ಪೂಜನೀಯರಾಗುತ್ತಿದ್ದಾರೆ ಎನ್ನಿಸಿ ಬರೆಯುತ್ತಿದ್ದೇನೆ. ನಾನು ನಾಲ್ಕು ದಶಕ ಕ್ರೀಡಾ ಪುಟ ನೋಡಿಕೊಂಡವನು. ಓಟ ಬಿಟ್ಟ ಮೇಲಿನ ಅವರ ಆಡಳಿತದ ಬದುಕನ್ನು ಯಾರೂ ಪ್ರಸ್ತಾಪಿಸಿಲ್ಲ.

1968ರಿಂದ 1972ರವರೆಗೆ ಅವರು ಇಟಲಿಯ ಸ್ಕೀ ತಂಡದ ನಿರ್ದೇಶಕರಾಗಿದ್ದರು. ಗುಸ್ತಾವ್ ಥೋನಿ 1971 ಮತ್ತು 1972ರಲ್ಲಿ ವಿಶ್ವಕಪ್ ಗೆದ್ದದ್ದು, ಸಪೊರೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಪಡೆದದ್ದು ಅದೇ ಅವಧಿಯಲ್ಲಿ. 1974ರ ಜನವರಿಯಲ್ಲಿ ಬೆರ್ಷ್‌ಟೆಸ್‌ಗಾಡೆನ್‌ನ ಕಂಬಗಳ ನಡುವೆ ತಿರುಗುತ್ತ ಇಳಿಯುವ ಜಯಂಟ್ ಸ್ಲಾಲಮ್‌ನಲ್ಲಿ ಮೊದಲ ಐದು ಸ್ಥಾನಗಳೂ ಇಟಲಿಯ ಪಾಲಾದಾಗ ಪತ್ರಿಕೆಗಳು ಅದನ್ನು ನೀಲಿ ಹಿಮಕುಸಿತ ಎಂದು ಕರೆದವು. ಅಷ್ಟು ಹೊತ್ತಿಗೆ ವುವಾರ್ನೆ ಅಲ್ಲಿರಲಿಲ್ಲ, ಆದರೆ ಬಿತ್ತಿದವರಲ್ಲಿ ಅವರೊಬ್ಬರು.

ಅದಕ್ಕೆ ಕೆಲವೇ ವಾರಗಳ ಹಿಂದೆ, 1973ರ ಡಿಸೆಂಬರಿನಲ್ಲಿ, ವಾಲ್ ದಿಸೇರ್‌ನಲ್ಲಿ ಫ್ರಾನ್ಸ್ ತಂಡ ಒಡೆದುಹೋಯಿತು. ಆಗ ವುವಾರ್ನೆ ಫ್ರೆಂಚ್ ಸ್ಕೀ ಒಕ್ಕೂಟದ ಉಪಾಧ್ಯಕ್ಷರು, ಜುಬೇರ್ ತಂಡದ ತಾಂತ್ರಿಕ ಮುಖ್ಯಸ್ಥರು. ಆರು ಮಂದಿ ಮುಂಚೂಣಿಯ ಪಟುಗಳನ್ನು ಒಂದೇ ಏಟಿಗೆ ತಂಡದಿಂದ ಹೊರಹಾಕಲಾಯಿತು. ಅವರಲ್ಲಿ ಅನ್ರಿ ದುವಿಲ್ಯಾರ್, ಜಾನ್ ನೊಯೆಲ್ ಒಜೆ, ಪ್ಯಾಟ್ರಿಕ್ ರುಸೆಲ್ ಅಂಥವರಿದ್ದರು, ಅವಳಿ ಸಹೋದರಿಯರಾದ ಇಂಗ್ರಿಡ್ ಮತ್ತು ಬ್ರಿಟ್ ಲಾಫೋರ್ಗ್ ಇದ್ದರು. ಶಿಸ್ತಿನ ಹೆಸರಿನಲ್ಲಿ ನಡೆದ ಆ ನಿರ್ಧಾರದಿಂದ ಫ್ರೆಂಚ್ ಪುರುಷರ ತಂಡ ಬಹಳ ಕಾಲ ಚೇತರಿಸಿಕೊಳ್ಳಲಿಲ್ಲ. 1968ರಲ್ಲಿ ಗ್ರೆನೋಬಲ್‌ನಲ್ಲಿ ಜಾನ್ ಕ್ಲೋಡ್ ಕಿಲಿ ಮೂರು ಚಿನ್ನ ಗೆದ್ದ ಮೇಲೆ, ಫ್ರಾನ್ಸಿನ ಪುರುಷ ಸ್ಕೀ ಓಟಗಾರನೊಬ್ಬ ಮತ್ತೆ ಒಲಿಂಪಿಕ್ ಚಿನ್ನ ಗೆಲ್ಲಲು 1988ರ ಕ್ಯಾಲ್ಗರಿಯವರೆಗೆ ಕಾಯಬೇಕಾಯಿತು. ಆ ಇಪ್ಪತ್ತು ವರ್ಷಗಳ ಬರಕ್ಕೆ ಇದೊಂದೇ ಕಾರಣವೆಂದು ಹೇಳಲಾರೆ. ಆದರೂ ಓಟಗಾರನಾಗಿ ಎಲ್ಲವನ್ನೂ ಬಿಡಿಸಿ ನೋಡಿ ಯೋಚಿಸಿದ ಮನುಷ್ಯ, ಆಡಳಿತಗಾರನಾಗಿ ತನ್ನ ಕಿರಿಯ ಓಟಗಾರರ ಅಸಮಾಧಾನಕ್ಕೆ ಕಿವಿಗೊಡಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ವೇಗದ ಲೆಕ್ಕ

ಹಿರಿಯರ ಮಾತನ್ನು ಒಪ್ಪುತ್ತೇನೆ. ಇದನ್ನೂ ಲೇಖನದಲ್ಲಿ ಸೇರಿಸಬೇಕು. ಗೆದ್ದವರೆಲ್ಲ ಎಲ್ಲದರಲ್ಲೂ ಸರಿಯಿದ್ದರು ಎಂದು ಬರೆದರೆ ಮಕ್ಕಳು ನಂಬುವುದಿಲ್ಲ.

ಸಂಜೆ ಓದು

ಮೇಷ್ಟ್ರು ಕೇಳಿದ ಮೂಲ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ನಾನು ಉತ್ತರಿಸುತ್ತೇನೆ: ಹೇಳಬೇಕು.

ನಮ್ಮ ಹತ್ತಿರದ ಬಂಧುಗಳ ಮನೆಯ ಮಗನೊಬ್ಬ, ಓದಿದವನು, ಕೆಲಸದಲ್ಲಿದ್ದವನು, ಇಂಥದ್ದೇ ಒಂದು ಗುಂಪಿಗೆ ಸೇರಿ ಆರು ವರ್ಷ ಮನೆಯವರ ಜೊತೆ ಮಾತು ಬಿಟ್ಟಿದ್ದ. ಅವನು ಜೀವಂತವಾಗಿ ಹಿಂದಿರುಗಿದ, ಅಷ್ಟು ನಮ್ಮ ಪುಣ್ಯ. ಆ ಆರು ವರ್ಷ ಅವನ ತಾಯಿ ನೆರೆಹೊರೆಯವರಿಗೆ ಮಗ ವಿದೇಶದಲ್ಲಿದ್ದಾನೆ ಎನ್ನುತ್ತಿದ್ದರು. ನಾಚಿಕೆಯಿಂದ ಮುಚ್ಚಿಟ್ಟದ್ದರಿಂದಲೇ ಸಹಾಯ ಕೇಳಲು ತಡವಾಯಿತು ಎಂದು ಈಗಲೂ ನೊಂದುಕೊಳ್ಳುತ್ತಾರೆ. ಆದ್ದರಿಂದ ಈ ವಿಷಯದಲ್ಲಿ ಮೌನ ವಹಿಸುವುದನ್ನು ನಾನು ಒಪ್ಪಲಾರೆ.

ಎಡಿತ್ ಬೋನ್‌ಲ್ಯೂ ಸಾಮಾನ್ಯ ಹೆಂಗಸಲ್ಲ, ಫ್ರಾನ್ಸ್ ತಂಡದ ಸ್ಕೀ ಪಟು. ಪ್ಯಾಟ್ರಿಕ್‌ಗೆ ಆಗ 27 ವರ್ಷ. ಆ ಪಂಥವನ್ನು ಜೋಸೆಫ್ ದಿ ಮಾಂಬ್ರೊ ಮತ್ತು ಲುಕ್ ಜುರೆ ಎಂಬಿಬ್ಬರು 1984ರಲ್ಲಿ ಸ್ಥಾಪಿಸಿದ್ದರು. ಜುರೆ ವೃತ್ತಿಯಲ್ಲಿ ವೈದ್ಯ. 1994ರ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಕೆನಡಾದಲ್ಲಿ 53 ಜನ ಸತ್ತರು, ನಾಯಕರಿಬ್ಬರೂ ಅವರಲ್ಲಿ ಸೇರಿದ್ದರು. ನನಗೆ ಅತಿ ಹೆಚ್ಚು ನೋವು ಕೊಡುವ ಸಂಗತಿ ಇದರ ಮುಂದಿನದು. ನಾಯಕರು ಸತ್ತ ಮೇಲೂ, ಪತ್ರಿಕೆಗಳಲ್ಲಿ ಎಲ್ಲವೂ ಬಯಲಾದ ಮೇಲೂ, ಪೊಲೀಸರು ವಿಚಾರಣೆ ನಡೆಸಿದ ಮೇಲೂ, ಉಳಿದವರ ಮನಸ್ಸಿನಿಂದ ಆ ನಂಬಿಕೆ ಹೋಗಲಿಲ್ಲ. ಪಂಥದ ಕೊನೆಯ ಪತ್ರಗಳನ್ನು ಅಂಚೆಗೆ ಹಾಕಿದವನು ಪ್ಯಾಟ್ರಿಕ್ ಎಂಬುದು ಆಗಲೇ ತಿಳಿದಿತ್ತು. ಮನೆಯವರ ಕಣ್ಣೆದುರಿಗೇ ಇದ್ದ ಮಗ, ಹದಿನಾಲ್ಕು ತಿಂಗಳ ನಂತರ ತಾಯಿಯೊಡನೆ ಕಾಣೆಯಾದ. ಫ್ರಾನ್ಸಿನ ವೆರ್ಕೋರ್ ಬೆಟ್ಟದ ಕಾಡಿನಲ್ಲಿ 16 ಜನರ ದೇಹಗಳು ಸಿಕ್ಕವು, ಅವರಲ್ಲಿ ಮೂವರು ಮಕ್ಕಳು. ಆ ಮಕ್ಕಳ ಮಟ್ಟಿಗೆ ಅದನ್ನು ಕೊಲೆ ಎಂದೇ ಕರೆಯಬೇಕು. ಸಾಮೂಹಿಕ ಆತ್ಮಹತ್ಯೆ ಎಂಬ ಪದವನ್ನು ದಯವಿಟ್ಟು ನಿಮ್ಮ ಲೇಖನದಲ್ಲಿ ಬಳಸಬೇಡಿ.

ಹಳೆಯ ಸ್ಕೋರ್‌ಬುಕ್

ಅಮ್ಮಾ, ನಿಮ್ಮ ನೋವು ಅರ್ಥವಾಗುತ್ತದೆ. ಆದರೂ ಒಂದು ಆಕ್ಷೇಪ. ಕ್ರೀಡಾಪಟುವಿನ ಪರಿಚಯ ಲೇಖನದಲ್ಲಿ ಹೆಂಡತಿ ಮಕ್ಕಳ ಸಾವನ್ನು ವಿವರಿಸುವುದು ಅವರ ಖಾಸಗಿ ದುಃಖದೊಳಗೆ ಕೈ ಹಾಕಿದಂತಲ್ಲವೇ? ನಾವು ಕೆಲಸ ಮಾಡುವಾಗ ಮನೆಯ ವಿಷಯವನ್ನು ಪುಟದ ಹೊರಗಿಡುತ್ತಿದ್ದೆವು.

ಲೇಮಾನ್ ತೀರದವಳು

ಸರ್, ಬೇರೆಯವರ ವಿಷಯದಲ್ಲಿ ನಿಮ್ಮ ನಿಯಮ ಸರಿಯಿರಬಹುದು. ಇಲ್ಲಿ ಕುಟುಂಬದವರೇ ಆ ವಿಷಯವನ್ನು ಸಾರ್ವಜನಿಕರ ಮುಂದಿಟ್ಟರು. ವುವಾರ್ನೆ ದಂಪತಿಗೆ ಅಲೆನ್, ಪಿಯೆರ್, ಪ್ಯಾಟ್ರಿಕ್ ಎಂಬ ಮೂವರು ಗಂಡುಮಕ್ಕಳು. ತಾಯಿ ಮತ್ತು ತಮ್ಮನನ್ನು ಕಳೆದುಕೊಂಡ ಅಲೆನ್ ವುವಾರ್ನೆ ಆ ಬಳಿಕ ವರ್ಷಗಟ್ಟಲೆ ಹೋರಾಡಿದರು. ಹೊರಗಿನವರ ಕೈವಾಡವಿರಲಿಲ್ಲ, ಪಂಥದವರೇ ಎಲ್ಲವನ್ನೂ ಮಾಡಿದರು ಎಂಬ ತನಿಖೆಯ ತೀರ್ಮಾನವನ್ನು ಅವರು ಒಪ್ಪಲಿಲ್ಲ, ಮರುತನಿಖೆ ಆಗಬೇಕೆಂದು ಬಹಿರಂಗವಾಗಿ ಒತ್ತಾಯಿಸಿದರು. ಪಂಥದೊಂದಿಗೆ ನಂಟಿದ್ದ ವಾದ್ಯವೃಂದದ ನಿರ್ದೇಶಕರೊಬ್ಬರ ಮೇಲೆ ಗ್ರೆನೋಬಲ್‌ನಲ್ಲಿ ಮೊಕದ್ದಮೆ ನಡೆಯಿತು, 2001ರಲ್ಲಿ ಅವರು ಬಿಡುಗಡೆಯಾದರು, ಮೇಲ್ಮನವಿಯಲ್ಲೂ 2006ರಲ್ಲಿ ಅದೇ ತೀರ್ಪು ಬಂತು. ನ್ಯಾಯಾಲಯದ ಮಾತು ಅಲ್ಲಿಗೆ ಮುಗಿಯಿತು, ಮಗನ ಪ್ರಶ್ನೆಗಳು ಮುಗಿಯಲಿಲ್ಲ. ಮನಸ್ಸನ್ನು ವಶಪಡಿಸಿಕೊಳ್ಳುವ ಪಂಥಗಳ ವಿರುದ್ಧ ಫ್ರಾನ್ಸಿನ ಸಂಸತ್ತು 2001ರ ಜೂನ್‌ನಲ್ಲಿ ಕಾನೂನು ಮಾಡಿದ್ದು ಇಂಥ ದುರಂತಗಳ ಹಿನ್ನೆಲೆಯಲ್ಲಿಯೇ.

ಇದು ನನ್ನ ಅಭಿಪ್ರಾಯ: ಈ ಕುಟುಂಬದ ಪರಂಪರೆ ಎಂದರೆ ತಂದೆಯ ಪದಕವೊಂದೇ ಆಗಲಾರದು. ಉತ್ತರ ಸಿಗದಿದ್ದರೂ ಕೇಳುತ್ತಲೇ ಇದ್ದ ಮಗನನ್ನು ಬಿಟ್ಟು ಬರೆದರೆ ವುವಾರ್ನೆ ಎಂಬ ಹೆಸರನ್ನು ನಾವೂ ಕನ್ನಡಕದ ಮೇಲೆಯೇ ಬಿಟ್ಟಂತಾಗುತ್ತದೆ.

ಹಳೆಯ ಸ್ಕೋರ್‌ಬುಕ್

ಅಲೆನ್ ಅವರ ಹೋರಾಟದ ವಿಷಯ ನನಗೆ ತಿಳಿದಿರಲಿಲ್ಲ. ಆಕ್ಷೇಪ ಹಿಂತೆಗೆದುಕೊಳ್ಳುತ್ತೇನೆ. ಮೇಷ್ಟ್ರು ಎಷ್ಟು ಬರೆಯಬೇಕೆಂಬುದನ್ನು ಮಾತ್ರ ಯೋಚಿಸಲಿ. ಸಾವು ಹೇಗೆ ಸಂಭವಿಸಿತೆಂಬ ವಿವರ ಮಕ್ಕಳಿಗೆ ಬೇಡ.

ಹಾಸನದ ಮೇಷ್ಟ್ರು

ಎಲ್ಲರಿಗೂ ಕೃತಜ್ಞ. ಮೂರು ದಿನ ಯೋಚಿಸಿ, ಎರಡು ಸಲ ಹರಿದು ಬರೆದ ಕೊನೆಯ ಪ್ಯಾರಾ ಇದು. ತಪ್ಪಿದ್ದರೆ ತಿದ್ದಿ.

"ಚಿನ್ನ ಗೆದ್ದ 35 ವರ್ಷಗಳ ನಂತರ ವುವಾರ್ನೆ ಅವರ ಮನೆಗೆ ದೊಡ್ಡ ದುಃಖ ಬಂತು. ಅವರ ಪತ್ನಿ ಎಡಿತ್ ಮತ್ತು ಕಿರಿಯ ಮಗ ಪ್ಯಾಟ್ರಿಕ್, ಲೋಕದ ಅಂತ್ಯ ಹತ್ತಿರವಿದೆ ಎಂದು ನಂಬಿಸುತ್ತಿದ್ದ ಒಂದು ಗುಪ್ತ ಪಂಥಕ್ಕೆ ಸೇರಿದ್ದರು. 1995ರ ಡಿಸೆಂಬರ್ 23ರಂದು ಆ ಪಂಥದ ಇತರ ಹದಿನಾಲ್ಕು ಜನರೊಂದಿಗೆ ಅವರೂ ತೀರಿಕೊಂಡರು. ಓದಿದವರೂ, ಧೈರ್ಯವಂತರೂ, ಆಟಗಾರರೂ ಇಂಥ ಬಲೆಗೆ ಬೀಳಬಹುದು. ಬಿದ್ದವರನ್ನು ಮನೆಯವರು ಪ್ರೀತಿಯಿಂದ ಕರೆದರೂ ಕೆಲವೊಮ್ಮೆ ಕೇಳಿಸುವುದಿಲ್ಲ. ಹಿರಿಯ ಅಣ್ಣ ಅಲೆನ್, ಇದು ಹೇಗಾಯಿತೆಂದು ಹಲವು ವರ್ಷ ಕೇಳುತ್ತಲೇ ಇದ್ದರು. ಜಾನ್ ವುವಾರ್ನೆ 2017ರ ಜನವರಿಯ ಮೊದಲ ದಿನಗಳಲ್ಲಿ, ತಮ್ಮ 83ನೆಯ ವಯಸ್ಸಿನಲ್ಲಿ ತೀರಿಕೊಂಡರು."

ಸಂಜೆ ಓದು

ಕೇಳಿಸುವುದಿಲ್ಲ ಎಂಬ ಮಾತನ್ನು ಹಾಗೆಯೇ ಇಡಿ ಮೇಷ್ಟ್ರೇ. ನಮ್ಮ ಬಂಧುವಿನ ತಾಯಿಗೆ ಇದನ್ನು ಓದಿ ಹೇಳಿದೆ. ಅವರು ಏನೂ ಮಾತಾಡಲಿಲ್ಲ, ಇನ್ನೊಮ್ಮೆ ಓದು ಎಂದರು.

ಲೇಮಾನ್ ತೀರದವಳು

ಎರಡು ತಿದ್ದುಪಡಿಗಳು. ಡಿಸೆಂಬರ್ 23 ಎಂದರೆ ದೇಹಗಳು ಪತ್ತೆಯಾದ ದಿನ. ಸಾವು ಸಂಭವಿಸಿದ್ದು ಅದಕ್ಕೂ ಒಂದು ವಾರ ಮೊದಲು, 16ರ ಸುಮಾರಿಗೆ. ಹಾಗೆಯೇ ಹಿರಿಯ ಅಣ್ಣ ಎಂದು ಬರೆಯುವ ಬದಲು ಅಣ್ಣ ಎಂದಷ್ಟೇ ಬರೆಯಿರಿ, ಪಿಯೆರ್ ಕೂಡ ಪ್ಯಾಟ್ರಿಕ್‌ಗೆ ಅಣ್ಣನೇ.

ಹಾಸನದ ಮೇಷ್ಟ್ರು

ಎರಡನ್ನೂ ತಿದ್ದಿದೆ. ಸೋಮವಾರ ಒಂಬತ್ತನೇ ತರಗತಿಯಲ್ಲಿ ಓದುತ್ತೇನೆ. ಅದಕ್ಕೆ ಮೊದಲು ಆ ಹನ್ನೆರಡು ಮೀಟರನ್ನು ಮಕ್ಕಳಿಂದ ಮೈದಾನದಲ್ಲಿ ಅಳೆಸುತ್ತೇನೆ.